ಹಕೊದಾತೆಯ ಟ್ಯಾಕ್ಸಿಯವರಿಗೆ ಒಂದು ಕೌದಿ

ಜೊತೆಗಾರರನ್ನು ಆರಿಸಿಕೊಳ್ಳುವ ಹಕ್ಕು ಮದುವೆಯಾಗುವವರಿಗುಂಟು, ಕುದುರೆ ಕೊಳ್ಳುವವರಿಗುಂಟು. ಧರ್ಮಪ್ರಚಾರಕ್ಕೆ ಹೊರಟವರಿಗೆ ಮಾತ್ರ ಇಲ್ಲ. ಬುಧವಾರ ಮಧ್ಯಾಹ್ನ ಅಮ್ಮ ನನ್ನನ್ನು ಪ್ರೊವೊದ ತರಬೇತಿ ಕೇಂದ್ರದ ಮುಂದೆ ಇಳಿಸಿದಳು. ಎರಡು ವರ್ಷದ ಅಗಲಿಕೆಗೆ ತಕ್ಕಷ್ಟು ಅಳಬೇಕೆಂದಿದ್ದವಳು, ಹಿಂದಿನ ಕಾರಿನವನು ಹಾರನ್ ಹೊಡೆದದ್ದರಿಂದ ಅರ್ಧಕ್ಕೇ ನಿಲ್ಲಿಸಿ ಮುಂದೆ ಹೋದಳು. ಅರ್ಧ ಗಂಟೆಯೊಳಗೆ ನನ್ನ ಪಾಲಿಗೆ ಎದೆಗೆ ಸಿಕ್ಕಿಸಿಕೊಳ್ಳುವ ಒಂದು ಕಪ್ಪು ಹೆಸರುಬಿಲ್ಲೆ, ಒಂದು ಜಪಾನಿ ನಿಘಂಟು ಮತ್ತು ಜೊತೆಗಾರನಾಗಿ ಎಲ್ಡರ್ ಥರ್ಗುಡ್ (ಪ್ರಚಾರಕ ಹುಡುಗರೆಲ್ಲ 'ಎಲ್ಡರ್'ಗಳೇ) ಬಂದರು. ಮೊದಲ ಎರಡನ್ನು ಮಲಗುವಾಗ ತೆಗೆದಿಡಬಹುದಿತ್ತು.

ಜೋಡಿ ಎಂದರೆ ಜೋಡಿ, ಅದು ನಿಯಮ. ಒಬ್ಬನು ಇನ್ನೊಬ್ಬನ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರ ಇರಬೇಕು. ಥರ್ಗುಡ್ ಸ್ನಾನಕ್ಕೆ ಹೋದರೆ ನಾನು ಬಾಗಿಲಾಚೆ ನಿಂತು ಗೋಡೆಯ ಇಟ್ಟಿಗೆ ಎಣಿಸಬೇಕು. ಅವನು ಒಳಗಿನಿಂದ ಸ್ತುತಿಗೀತೆ ಹಾಡುತ್ತಿದ್ದ. ಯಾಕಪ್ಪಾ ಎಂದರೆ, "ಕಿವಿಗೆ ಕೇಳ್ಬೇಕು ಅಂದಿದ್ದಾರಲ್ಲ ಬ್ರಿಂಟನ್, ನಿಂಗೆ ಅನುಕೂಲ ಆಗ್ಲಿ ಅಂತ!" ಎಂದ. ಆರಡಿ ಮೂರಂಗುಲದ ಆಳು. ಸ್ಯಾನ್‌ಪೀಟ್ ಕಣಿವೆಯಲ್ಲಿ ಅವನ ಮನೆಯವರು ಟರ್ಕಿ ಕೋಳಿ ಸಾಕುತ್ತಿದ್ದರು. ಹತ್ತು ಸಾವಿರ ಟರ್ಕಿಗಳ ಗದ್ದಲದ ನಡುವೆ ಮಾತು ಕಲಿತವನಾದ್ದರಿಂದ ಅವನ ಪಿಸುಮಾತು ಪಕ್ಕದ ಕಟ್ಟಡಕ್ಕೆ ಕೇಳುತ್ತಿತ್ತು.

ಹೊಸಬರು ದಾರಿ ತಪ್ಪಿದರೆ ಗುರುತು ಸಿಗಲೆಂದು ಮೊದಲ ದಿನ ಹೆಸರುಬಿಲ್ಲೆಯ ಮೇಲೆ ಒಂದು ಕಿತ್ತಳೆ ಚುಕ್ಕಿ ಅಂಟಿಸುತ್ತಾರೆ. ಮಾನವಿರುವವರು ಸಂಜೆಗೆ ಕಿತ್ತೆಸೆಯುತ್ತಾರೆ. ಥರ್ಗುಡ್ ಅದು ಜಪಾನಿಗೆ ಹೋಗುವವರ ಲಾಂಛನವೆಂದು ತಿಳಿದು ವಾರವಿಡೀ ಧರಿಸಿದ. ಉದುರಲು ಬಂದಾಗ ಎಂಜಲು ಹಚ್ಚಿ ಮತ್ತೆ ಅಂಟಿಸಿದ.

ಇಷ್ಟನ್ನೆಲ್ಲ ಅವನ ತಪ್ಪು ಎಂದು ಬರೆದಿಟ್ಟುಕೊಂಡ ನಾನು ನನ್ನದೊಂದನ್ನೂ ಬರೆಯಬೇಕು. ಮೊದಲ ಸಂಜೆಯೇ ನಾನು ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಜಪಾನಿ ಓದಿದ್ದೇನೆಂದು ಹೇಳಿಕೊಂಡೆ. ಓದಿದ್ದು ನಿಜ. ಪಾಸಾಗಿದ್ದೆನೋ ಎಂದು ಯಾರೂ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ನಮ್ಮ ಶಿಕ್ಷಕಿ ಸಿಸ್ಟರ್ ಹಾಟೋರಿ ಬಂದರು. ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರ್, ಗಂಡಸರೆಲ್ಲ ಬ್ರದರ್. ಥರ್ಗುಡ್ಡನ ಮೊಣಕೈವರೆಗೆ ಬರುವ ಹೆಂಗಸು. ಮೊದಲ ಕ್ಷಣದಿಂದ ಜಪಾನಿ ಬಿಟ್ಟು ಬೇರೇನೂ ಆಡುವುದಿಲ್ಲವೆಂಬುದು ಅವರ ವ್ರತ. ನಾವು ನೀರು ಬೇಕೆಂದರೂ ಜಪಾನಿಯಲ್ಲೇ ಉತ್ತರ, ಬೆಂಕಿ ಬಿತ್ತೆಂದರೂ ಜಪಾನಿಯಲ್ಲೇ ಉತ್ತರ. ಕತ್ತು ಒಂದಿಷ್ಟು ವಾಲಿಸಿ, ಕಣ್ಣು ಕಿರಿದು ಮಾಡಿ, "ಸೋ ದೆಸು ನೇ..." ಎಂದು ಎಳೆದರೆಂದರೆ ನಾವು ಹೇಳಿದ್ದು ಪೂರ್ತಿ ತಪ್ಪೆಂದು ಅರ್ಥ. ಇದನ್ನು ನಾನು ಊಟದ ಹೊತ್ತಿಗೆ ಅನುಕರಿಸಿ ಇಡೀ ಮೇಜನ್ನು ನಗಿಸಿದೆ. ಥರ್ಗುಡ್ ಒಬ್ಬನೇ ಎದ್ದುನಿಂತು ನನಗೆ ಬಗ್ಗಿ ನಮಸ್ಕರಿಸಿದ.

ಆ ಬೆಳಿಗ್ಗೆ ಅವರು ಹಲಗೆಯ ಮೇಲೆ ಒಂದೇ ಒಂದು ಸಾಲನ್ನು ನಮ್ಮ ಭಾಷೆಯಲ್ಲಿ ಬರೆದರು: 'ಮಧ್ಯಾಹ್ನ ಕೋಣೆ 214ರಲ್ಲಿ ಕುರೊಕಾವಾ ಅವರಿಗೆ ಪಾಠ ಹೇಳುವಿರಿ. ಅವರನ್ನು ನಿಜವಾದ ವ್ಯಕ್ತಿಯೆಂದೇ ಕಾಣಿರಿ.'

ಮನೆಯಲ್ಲಿ ಒಬ್ಬ ಅಣ್ಣನಾದರೂ ಈ ಕೇಂದ್ರ ದಾಟಿ ಹೋದವನಿದ್ದರೆ ಇದರ ಗುಟ್ಟು ಗೊತ್ತಿರುತ್ತದೆ. ಕುರೊಕಾವಾ ಎಂದರೆ ಕೇಂದ್ರದ್ದೇ ಒಬ್ಬ ಶಿಕ್ಷಕ. ಧರ್ಮದ ವಿಷಯ ಏನೂ ಅರಿಯದ ಜಪಾನಿನವನಂತೆ ನಟಿಸುತ್ತಾನೆ. ನಾವು ಅವನಿಗೆ ಹರಕುಮುರುಕು ಭಾಷೆಯಲ್ಲಿ ಬೋಧಿಸಿ ಅಭ್ಯಾಸ ಮಾಡುತ್ತೇವೆ. ಆದರೆ ಥರ್ಗುಡ್ ಅವನ ಮನೆತನದಲ್ಲಿ ಹೊರಟ ಮೊದಲ ಪ್ರಚಾರಕ. ಅವನಿಗಿಂತ ದೊಡ್ಡವರಾಗಿ ಮನೆಯಲ್ಲಿ ಇದ್ದದ್ದು ಅಪ್ಪ ರೂಲನ್ ಮತ್ತು ಟ್ರ್ಯಾಕ್ಟರು. ರೂಲನ್ ಚರ್ಚಿನ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು.

"ಕಾಲುವೆ ನೀರಿನ ಸರದಿ ಕಣೋ," ಎಂದು ಥರ್ಗುಡ್ 214ಕ್ಕೆ ಹೋಗುವ ದಾರಿಯಲ್ಲಿ ಹೇಳಿದ. "ನಮ್ ಮಂಗಳವಾರದ ಸರದೀನ ಪಕ್ಕದ ಹೊಲದವ್ರು ತಿರುಗಿಸ್ಕೊಂಡ್ರು. ಆ ಪಕ್ಕದ ಹೊಲದವ್ರೇ ನಮ್ ಊರಿನ ಚರ್ಚು ನಡೆಸೋ ಬಿಷಪ್ಪು. ಅವತ್ತಿಂದ ಅಪ್ಪ ಒಳಗೆ ಬರಲ್ಲ. ನನ್ನ ಬೀಳ್ಕೊಡುಗೆ ದಿನಾನೂ ಹೊರಗೆ ಪಿಕಪ್ಪಲ್ಲಿ ಕೂತಿದ್ರು. ಕಿಟಕಿ ಗಾಜು ಮಾತ್ರ ಇಳಿಸಿದ್ರು. ಅವ್ರಿಗೂ ಕೇಳ್ಲಿ ಅಂತ ನಾನು ಜೋರಾಗಿ ಮಾತು ಕೊಟ್ಬಿಟ್ಟೆ."

"ಏನಂತ?"

"ಮೊದಲ ವಾರದಲ್ಲೇ ಒಬ್ರನ್ನ ಒಳಗೆ ಕರ್ಕೊಂಡು ಬರ್ತೀನಿ ಅಂತ. ಎಲ್ರೂ ನಕ್ಕರು. ಅಪ್ಪ ಗಾಜು ಏರಿಸಿದ್ರು."

ಇಂಥ ಹೊತ್ತಿನಲ್ಲಿ ನಾಟಕದ ಗುಟ್ಟು ಒಡೆಯುವವನು ಸಭ್ಯ. ನಾನು ಎರಡು ದಿನ ಮಜಾ ನೋಡೋಣವೆಂದುಕೊಂಡೆ.

ಕೋಣೆಯಲ್ಲಿ ಒಂದು ಸೋಫಾ, ಒಂದು ಮೇಜು, ಒಂದು ದೀಪ, ಒಂದು ಪ್ಲಾಸ್ಟಿಕ್ ಗಿಡ, ಅದೇ ಮನೆ. ಉಣ್ಣೆಯ ಹಳೇ ಅಂಗಿ ತೊಟ್ಟು, ದಪ್ಪ ಕನ್ನಡಕ ಏರಿಸಿ, ಭುಜ ಇಳಿಬಿಟ್ಟು ಕೂತಿದ್ದ ಕುರೊಕಾವಾ ಅವರ ಮುಂದೆ ಕಾಗದದ ಲೋಟದಲ್ಲಿ ಚಹಾ. ನಮ್ಮವರು ಮುಟ್ಟದ ಪಾನೀಯ. ಥರ್ಗುಡ್ ಬೂಟು ಬಿಚ್ಚಿದ, ಕಾಲ್ಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿತು. ಮನೆಯಿಂದ ತಂದ ಒಣ ಟರ್ಕಿ ಮಾಂಸದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಅರ್ಪಿಸಿದ. ಆಮೇಲೆ ಕಲಿತ ಮೂರು ವಾಕ್ಯಗಳನ್ನೂ ಒಂದೇ ಉಸಿರಿಗೆ ಒದರಿದ. ಕುರೊಕಾವಾ ಒಂದು ಕ್ಷಣ ಲೋಟ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ನಾಲ್ಕು ನಿಮಿಷ ಮಾತಾಡಿದರು.

"ಏನಂದ್ರು?" ಎಂದು ಥರ್ಗುಡ್ ನನ್ನತ್ತ ತಿರುಗಿದ.

ನನಗೆ ತಿಳಿದ ಶಬ್ದ ಒಂದೇ: ಟ್ಯಾಕ್ಸಿ. ಅದೂ ಜಪಾನಿನದಲ್ಲ.

"ಟ್ಯಾಕ್ಸಿ ಓಡಿಸ್ತಾರಂತೆ."

"ಅಷ್ಟೊತ್ತು ಮಾತಾಡಿದ್ರಲ್ಲೋ! ಟ್ಯಾಕ್ಸಿ ಅನ್ನೋಕೆ ನಾಲ್ಕು ನಿಮಿಷ ಬೇಕಾ?"

ನಾಲ್ಕು ನಿಮಿಷದ ಮಾತಿಗೆ ನಾಲ್ಕು ನಿಮಿಷದ ಅನುವಾದ ಕೊಡಬೇಕಾದದ್ದು ವಿದ್ಯಾವಂತನ ಧರ್ಮ. ಊರು ಹಕೊದಾತೆ ಎಂದೆ. ಅದು ಗೋಡೆಯ ಮೇಲಿನ ಕಾಗದದಲ್ಲೇ ಇತ್ತು. ಇನ್ನೂ ಎರಡು ನಿಮಿಷ ಉಳಿದಿತ್ತು. ಹೆಂಡತಿ ಬಿಟ್ಟು ಹೋದಳೆಂದೆ. ಥರ್ಗುಡ್ಡನ ಕೆಳದುಟಿ ನಡುಗಿದ್ದು ನೋಡಿ ಉತ್ಸಾಹ ಬಂದು, ಟ್ಯಾಕ್ಸಿಯೂ ಹೋಯಿತೆಂದೆ. ಶುಕ್ರವಾರದ ಪಾಠದಲ್ಲಿ ಮನೆಯ ಸೂರು ಸೋರತೊಡಗಿತು. ಚಳಿಗೆ ಹೊದೆಯಲು ಒಂದು ಹೊದಿಕೆಯೂ ಇಲ್ಲವೆಂದು ನಾನು ಅನುವಾದಿಸುವಾಗ ಕುರೊಕಾವಾ ನಗುತ್ತಿದ್ದರು. "ನೋಡು, ಎಷ್ಟು ಧೈರ್ಯ!" ಎಂದು ಥರ್ಗುಡ್ ಅತ್ತ.

ಗಂಡಸೊಬ್ಬ ಟರ್ಕಿಯಂತೆ ಗಂಟಲಲ್ಲಿ ಸದ್ದು ಮಾಡಿ ಅಳುವುದನ್ನು ಕಂಡ ಮೇಲೆ ನನಗೂ ಸಾಕೆನಿಸಿತು. ಶುಕ್ರವಾರ ಸಂಜೆ ಬಟ್ಟೆ ಮಡಚುತ್ತಾ ಹೇಳಿಯೇಬಿಟ್ಟೆ.

"ಥರ್ಗುಡ್, ಅದು ನಾಟಕ. ಕುರೊಕಾವಾ ಅನ್ನೋರು ಇಲ್ಲ."

"ಹಲಗೆ ಮೇಲೆ ನಿಜವಾದ ವ್ಯಕ್ತಿ ಅಂತ ಬರ್ದಿದಾರೆ."

"ಹಾಗಂತ ತಿಳ್ಕೊಳ್ಳಿ ಅಂತ ಬರ್ದಿರೋದು ಮಾರಾಯಾ! ಯೋಚ್ನೆ ಮಾಡು. ಹಕೊದಾತೆ ಇರೋದು ಸಮುದ್ರದಾಚೆ ಜಪಾನಲ್ಲಿ. ಮನುಷ್ಯ ದಿನಾ ಮಧ್ಯಾಹ್ನ ಎರಡು ಗಂಟೆಗೆ ಪ್ರೊವೊದಲ್ಲಿ ಹೇಗೆ ಕೂತಿರ್ತಾನೆ?"

ಥರ್ಗುಡ್ ಯೋಚನೆ ಮಾಡಿದ. ಅವನು ಯೋಚಿಸುವಾಗ ಹುಬ್ಬು ಟೋಪಿಯಂತೆ ಮೇಲಕ್ಕೆ ಹೋಗುತ್ತಿತ್ತು.

"ಅವ್ರ ರೈಲು ಬಹಳ ಜೋರು ಕಣೋ," ಎಂದ.

ನಾನು ಕಾಲ್ಚೀಲಗಳ ಕಡೆ ತಿರುಗಿದೆ.

ಶನಿವಾರ ಬಟ್ಟೆ ಒಗೆಯುವ ದಿನ, ಮನೆಗೆ ಪತ್ರ ಬರೆಯುವ ದಿನ. ಕಂಪ್ಯೂಟರಿನ ಮೇಲೆ ಮೂವತ್ತು ನಿಮಿಷ. ಮೂಲೆಯಲ್ಲಿ ಗಡಿಯಾರ ಇಳಿಯುತ್ತಿರುತ್ತದೆ. ಥರ್ಗುಡ್ ಎರಡು ಬೆರಳಲ್ಲಿ ಕುಟ್ಟುತ್ತ ಇಪ್ಪತ್ತೊಂಬತ್ತು ನಿಮಿಷ ಕುರೊಕಾವಾ ಅವರಿಗೆ ಕೊಟ್ಟ. ಕೊನೆಯ ನಿಮಿಷದಲ್ಲಿ ತಾನು ಆರೋಗ್ಯವೆಂದು ಬರೆದ. ಅಷ್ಟಕ್ಕೆ ನಿಲ್ಲುತ್ತಿತ್ತೋ ಏನೋ. ಆದರೆ ರೂಲನ್‌ರ ತಂಗಿ ಲರೂ ನಮ್ಮ ಕೇಂದ್ರದ ಊಟದ ಮನೆಯಲ್ಲೇ ಬಡಿಸುತ್ತಿದ್ದರು. ತಲೆಗೆ ಬಲೆ, ಕೈಯಲ್ಲಿ ಸೌಟು, ಬಾಯಲ್ಲಿ ಇಡೀ ಕಣಿವೆ.

"ಅತ್ತೆ, ಕುರೊಕಾವಾ ಅವ್ರಿಗೆ ಹೊದಿಕೇನೇ ಇಲ್ವಂತೆ!" ಎಂದು ಥರ್ಗುಡ್ ಸಾಲಿನಲ್ಲಿ ನಿಂತೇ ಪಿಸುಗುಟ್ಟಿದ. ಸ್ಪ್ಯಾನಿಷ್ ಕಲಿಯುವವರ ಮೇಜು ತಿರುಗಿ ನೋಡಿತು.

"ಹೊದಿಕೆ ಇಲ್ವಾ? ಹೆಂಡ್ತಿ ಹೋಗ್ವಾಗ ಅದನ್ನೂ ಎತ್ಕೊಂಡು ಹೋದ್ಲಾ? ಥೂ ಅವಳ! ನೀನು ತಿನ್ನು ಮಗಾ, ನಾನಿದೀನಿ." ಸೌಟು ಸುಯ್ಯೆಂದು ಹೋಗಿ ನನ್ನ ತಟ್ಟೆಗೆ ಬೀಳಬೇಕಿದ್ದ ಸಾರು ನನ್ನ ಟೈಗೆ ಬಿತ್ತು.

ಭಾನುವಾರ ನಮ್ಮನ್ನು ನೋಡಿಕೊಳ್ಳುವ ಬ್ರಾಂಚ್ ಅಧ್ಯಕ್ಷ ಕ್ಲೆಗ್ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ನಲವತ್ತು ವರ್ಷ ಹಲ್ಲಿನ ವೈದ್ಯರಾಗಿದ್ದವರು. ಈಗಲೂ ನಾವು ಬಾಯಿ ತೆರೆದರೆ ಮಾತು ಕೇಳುವ ಬದಲು ಒಳಗೆ ನೋಡುತ್ತಾರೆ. ನಾನು ಬಾಗಿಲ ಬಳಿ ಕುಳಿತು ಎಲ್ಲ ಕೇಳಿಸಿಕೊಂಡೆ.

"ಅಧ್ಯಕ್ಷರೇ, ಕುರೊಕಾವಾ ಅವರಿಗೆ ದೀಕ್ಷಾಸ್ನಾನಕ್ಕೆ ಬಿಳಿ ಬಟ್ಟೆ ಬೇಕಿತ್ತು. ಮಂಗಳವಾರಕ್ಕೆ. ಮಧ್ಯಮ ಅಳತೆ."

"ಭೇಷ್!" ಎಂದರು ಕ್ಲೆಗ್. "ಅಭ್ಯಾಸ ಅಂದ್ರೆ ಹೀಗಿರ್ಬೇಕು! ನಾನೇ ತರ್ತೀನಿ ಬಿಡ್ರಿ. ಕೆಳಗಿನ ದವಡೆ ಹಲ್ಲು ಒಂದ್ಸಲ ತೋರಿಸ್ಕೊಳ್ಳಿ."

ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಒಬ್ಬರಿಗೂ ನಿಜ ಗೊತ್ತಿರಲಿಲ್ಲ. ಸುಳ್ಳು ಹೇಳಿದ್ದ, ನಿಜವೂ ಗೊತ್ತಿದ್ದ ಒಬ್ಬನೇ ಒಬ್ಬ ಬಾಗಿಲ ಬಳಿ ಕುಳಿತು ಟೈಯ ಸಾರಿನ ಕಲೆ ಉಜ್ಜುತ್ತಿದ್ದ.

ಸೋಮವಾರ ನನಗೆ ದೇವರೇ ಸಾಕ್ಷಿ ಒದಗಿಸಿದ. ಊಟ ಮುಗಿಸಿ ಬರುವಾಗ ವಾಹನ ನಿಲ್ಲಿಸುವ ಜಾಗದಲ್ಲಿ ಕುರೊಕಾವಾ! ಕನ್ನಡಕವಿಲ್ಲ, ಭುಜ ನೆಟ್ಟಗಿದೆ, ಕಾರಿಗೆ ಒರಗಿಕೊಂಡು ಫೋನಿನಲ್ಲಿ ಯಾರಿಗೋ ಬಾಡಿಗೆ ಕೋಣೆಯ ಹೀಟರು ಕೆಟ್ಟಿದೆಯೆಂದು ನಮ್ಮ ಭಾಷೆಯಲ್ಲೇ, ನಮ್ಮ ಊರಿನ ಧಾಟಿಯಲ್ಲೇ ಬೈಯುತ್ತಿದ್ದಾರೆ.

"ಕೇಳು! ಕೇಳೋ! ಅವ್ನು ಏನ್ ಮಾತಾಡ್ತಿದಾನೆ?" ಎಂದು ಥರ್ಗುಡ್ಡನ ತೋಳು ಜಗ್ಗಿದೆ.

ಥರ್ಗುಡ್ ನಿಂತ. ಕಣ್ಣು ತುಂಬಿ ಬಂತು. "ನಾಲ್ಕೇ ದಿನದಲ್ಲಿ!" ಎಂದ. "ನಮ್ ಹತ್ರ ಮಾತಾಡ್ಬೇಕು ಅಂತ ನಾಲ್ಕೇ ದಿನದಲ್ಲಿ ನಮ್ ಭಾಷೆ ಕಲ್ತಿದಾರೆ! ನಮ್ಗೆ ಇನ್ನೂ ನೀರು ಕೇಳೋಕೆ ಬರಲ್ಲ! ಪಾಪ, ಈಗ ಹೀಟರೂ ಕೆಟ್ಟಿದ್ಯಂತೆ."

ಇಂಥ ನಂಬಿಕೆಯ ಎದುರು ಸಾಕ್ಷಿ, ತರ್ಕ, ಭೂಗೋಳ ಎಲ್ಲವೂ ಕಾಗದದ ಲೋಟ.

ಮಂಗಳವಾರ ಕೊನೆಯ ಪಾಠ. ನಾವು ಬೂಟು ಬಿಚ್ಚಿ ಕೂತು ಐದು ನಿಮಿಷವಾಗಿಲ್ಲ, ಬಾಗಿಲು ಒದ್ದುಕೊಂಡು ಲರೂ ಅತ್ತೆ ಬಂದರು. ಒಂದು ಕಂಕುಳಲ್ಲಿ ಕೌದಿ. ಇನ್ನೊಂದು ಕೈಯಲ್ಲಿ ಚೀಸ್ ಸುರಿದು ಬೇಯಿಸಿದ ಆಲೂಗಡ್ಡೆಯ ದೊಡ್ಡ ಬೋಗುಣಿ, ನಮ್ಮ ಕಡೆ ಸಾವಿನ ಮನೆಗೆ ಒಯ್ಯುವಂಥದ್ದು. ಹಿಂದೆಯೇ ಬಿಳಿ ಬಟ್ಟೆ ತೋಳಿಗೆ ಹಾಕಿಕೊಂಡು ಅಧ್ಯಕ್ಷ ಕ್ಲೆಗ್.

"ಇವ್ರೇನಾ? ಅಯ್ಯೋ, ಎಷ್ಟು ಸಣ್ಣಗಾಗಿದಾರೆ!" ಎಂದರು ಲರೂ, ಕುರೊಕಾವಾ ಮೊದಲು ಎಷ್ಟು ದಪ್ಪಗಿದ್ದರೆಂದು ಬಲ್ಲವರ ಹಾಗೆ. "ಕೌದಿ ಇಪ್ಪತ್ತಾರು ಜನ ಹೆಂಗಸ್ರು ಎರಡು ದಿನದಲ್ಲಿ ಹೊಲಿದಿದ್ದು ಕಣಪ್ಪಾ. ಟರ್ಕಿ ಕಾರ್ಖಾನೇಲಿ ಲಾರಿ ಓಡಿಸೋ ಕೆಲ್ಸಕ್ಕೆ ನನ್ ಗಂಡ ವರ್ಲ್ ಹೇಳಿ ಇಟ್ಟಿದಾನೆ. ಇನ್ನು ನನ್ ನಾದಿನಿ ಡಾರ್ಲೀನ್ ಇದಾಳೆ, ಅವಳ ಗಂಡನೂ ಬಿಟ್ಟು ಹೋಗಿದಾನೆ. ಒಳ್ಳೇ ಹೆಂಗಸು, ಸ್ವಲ್ಪ ಬಾಯಿ ಜೋರು. ಇವ್ರಿಗೆ ಹೆಂಗೂ ಭಾಷೆ ಬರಲ್ವಲ್ಲ, ನಡೆಯತ್ತೆ."

ಕುರೊಕಾವಾ ನನ್ನ ಮುಖ ನೋಡಿದರು. ನಾನು ಪ್ಲಾಸ್ಟಿಕ್ ಗಿಡ ನೋಡಿದೆ.

"ಇನ್ನೊಂದು ಕೇಳು ಮಗಾ," ಎಂದು ಲರೂ ಥರ್ಗುಡ್ಡನ ಕಡೆ ತಿರುಗಿದರು. ದನಿ ಇಳಿದಿತ್ತು. "ಭಾನುವಾರ ಊರವ್ರೆಲ್ಲ ಇವ್ರಿಗೋಸ್ಕರ ಉಪವಾಸ ಇದ್ರು. ಸಭೆ ನಡೀತಾ ಇದೆ, ಬಾಗ್ಲು ತೆಕ್ಕೊಳ್ತು. ರೂಲನ್! ನಿಮ್ಮಪ್ಪ! ಹ್ಯಾಟು ಕೈಯಲ್ಲಿ ಹಿಡ್ಕೊಂಡು ಬಂದು ಹಿಂದಿನ ಬೆಂಚಲ್ಲಿ ಕೂತ. ಬಿಷಪ್ಪು ಮಾತು ಮರ್ತು ನಿಂತ್ಬಿಟ್ರು. ರೂಲನ್ ಎದ್ದು ಹೇಳ್ದ, 'ನಾನು ನಿಮಗೋಸ್ಕರ ಬಂದಿಲ್ಲ. ಸೂರು ಸೋರೋ ಆ ಜಪಾನಿನವನಿಗೋಸ್ಕರ ಬಂದಿದೀನಿ. ನಾನೂ ಊಟ ಬಿಟ್ಟಿದೀನಿ' ಅಂತ. ಹನ್ನೊಂದು ವರ್ಷ ಆಗಿತ್ತು ಕಣೋ!"

ಥರ್ಗುಡ್ ಅತ್ತೆಯ ಕೈಯಿಂದ ಬೋಗುಣಿ ಇಸಿದುಕೊಂಡು ಮೇಜಿನ ಮೇಲಿಟ್ಟ. ಆ ಸೂರು ಸೋರಿಸಿದವನು ನಾನು.

ಲರೂ ಕೌದಿ ಹೊದಿಸಲೆಂದು ಬಗ್ಗಿದರು. ಮೇಜಿನ ಮೇಲಿನ ಲೋಟ ಕಂಡಿತು. "ಅಯ್ಯಯ್ಯೋ, ಇನ್ನೂ ಚಹಾ ಬಿಟ್ಟಿಲ್ವಾ?" ಎಂದು ಕೈಗೆತ್ತಿಕೊಂಡು ಮೂಸಿದರು. ಮತ್ತೆ ಮೂಸಿದರು. ಒಂದು ಗುಟುಕು ಕುಡಿದೇ ನೋಡಿದರು.

"ಇದು ಸೇಬಿನ ರಸ! ನಮ್ ಊಟದ ಮನೆ ಮೂರನೇ ಯಂತ್ರದ್ದು, ಅದ್ರಲ್ಲೇ ನೀರು ಜಾಸ್ತಿ ಬರೋದು!" ಲರೂ ಕುರೊಕಾವಾ ಅವರ ಕನ್ನಡಕವನ್ನು ಎರಡು ಬೆರಳಲ್ಲಿ ಎತ್ತಿದರು. "ಲೋ! ನೀನು ದಿನಾ ಎರಡೆರಡು ಸಲ ಕೋಳಿ ಹಾಕಿಸ್ಕೊಂಡು, ಸಲಾಡ್ ಬೇಡ ಅಂತ ಮುಖ ತಿರುಗಿಸೋ ಮಿಜೊಗುಚಿ ಅಲ್ವೇನೋ!"

ಸಾವಿರ ಜನಕ್ಕೆ ಬಡಿಸುವವರಿಗೆ ಹೆಸರುಬಿಲ್ಲೆ ಬೇಡ, ತಟ್ಟೆ ಸಾಕು.

ಭುಜ ನೆಟ್ಟಗಾಯಿತು. "ಹೌದಮ್ಮಾ," ಎಂದರು ಬ್ರದರ್ ಮಿಜೊಗುಚಿ, ನಮ್ಮದೇ ಧಾಟಿಯಲ್ಲಿ. "ನಾನು ಇಲ್ಲಿ ಶಿಕ್ಷಕ. ನನ್ನ ಅಜ್ಜನ ಕಾಲದಿಂದ ನಾವು ಇದೇ ಚರ್ಚಿನವ್ರು. ನನಗಿನ್ನೂ ಮದ್ವೇನೇ ಆಗಿಲ್ಲ, ಹೆಂಡ್ತಿ ಬಿಟ್ಟು ಹೋಗೋದು ಎಲ್ಲಿಂದ? ಈ ಲಾರಿ ಕೆಲ್ಸ, ಸೂರು, ಇದೆಲ್ಲ ಯಾರು ಹೇಳಿದ್ದು?"

ಅಧ್ಯಕ್ಷ ಕ್ಲೆಗ್ ಬಾಯಿ ತೆರೆದರು. ಅವರ ಹಲ್ಲು ನೋಡುವ ಅವಕಾಶ ನಮಗೆ ಮೊದಲ ಸಲ ಸಿಕ್ಕಿತು.

ಲರೂ ಸೋಫಾದ ಮೇಲೆ ಕುಸಿದರು. "ಇಲ್ದೇ ಇರೋನಿಗೋಸ್ಕರ ರೂಲನ್ ಉಪವಾಸ ಮಾಡಿದ್ನಾ? ಇದು ಅವ್ನ ಕಿವಿಗೆ ಬಿದ್ರೆ ಇನ್ನು ಹನ್ನೊಂದಲ್ಲ, ನೂರಾಹನ್ನೊಂದು ವರ್ಷ ಬರಲ್ಲ. ಇಡೀ ಊರೇ ಸೇರಿ ಆಟ ಆಡಿಸಿದ್ರು ಅಂತಾನೆ."

ಥರ್ಗುಡ್ ಮಿಜೊಗುಚಿ ಅವರನ್ನೇ ನೋಡುತ್ತಿದ್ದ. ಬಹಳ ಮೆಲ್ಲಗೆ, ಮನುಷ್ಯರು ಮಾತಾಡುವಷ್ಟೇ ಮೆಲ್ಲಗೆ ಕೇಳಿದ: "ಹಾಗಾದ್ರೆ ಕುರೊಕಾವಾ ಅನ್ನೋರು ಇಲ್ವೇ ಇಲ್ವಾ?"

"ಇದಾರೆ," ಎಂದರು ಮಿಜೊಗುಚಿ.

ಎಲ್ಲರೂ ತಿರುಗಿದರು.

"ನಮ್ಗೆ ಇಲ್ಲಿ ಹೇಳೋದೇ ಹಾಗೆ. ಕಟ್ಟುಕಥೆ ಬೇಡ, ನೀವು ನಿಜವಾಗ್ಲೂ ಕಂಡ ಯಾರಾದ್ರೂ ಒಬ್ರಾಗಿ ಕೂತ್ಕೊಳ್ಳಿ ಅಂತ. ನಾನು ಪ್ರಚಾರಕ್ಕೆ ಹಕೊದಾತೆಗೆ ಹೋಗಿದ್ದಾಗ ಕುರೊಕಾವಾ ಅವ್ರ ಮನೆಗೆ ಎಂಟು ತಿಂಗ್ಳು ಹೋದೆ. ಪ್ರತಿ ವಾರ ಕೂರಿಸಿ ಮಾತಾಡಿಸಿದ್ರು. ನಮ್ಮ ಮಾತು ಒಂದೂ ಒಪ್ಲಿಲ್ಲ. ಸ್ವಂತ ಟ್ಯಾಕ್ಸಿ ಇದೆ. ಸೂರು ಗಟ್ಟಿಯಾಗಿದೆ. ಹೆಂಡ್ತಿ ಬಿಟ್ಟು ಹೋಗಿಲ್ಲ, ತೀರ್ಕೊಂಡ್ರು. ದಿನಾ ಬೆಳಿಗ್ಗೆ ಆಕೆ ಫೋಟೋ ಮುಂದೆ ಒಂದು ಲೋಟ ಚಹಾ ಇಡ್ತಾರೆ, ಆರೋವರೆಗೂ ಕೂತಿರ್ತಾರೆ. ಗುರುವಾರ ಆ ನಾಲ್ಕು ನಿಮಿಷ ನಾನು ಹೇಳಿದ್ದು ಅದೇ."

ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಪ್ಲಾಸ್ಟಿಕ್ ಗಿಡವೂ ತಿರುಗಿದಂತೆ ನನಗೆ ಕಂಡಿತು.

"ನನ್ಗೆ... ಟ್ಯಾಕ್ಸಿ ಅಷ್ಟೇ ತಿಳಿದಿದ್ದು," ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ಥರ್ಗುಡ್ ತಲೆಯಾಡಿಸಿ, "ಇರೋ ಕಷ್ಟ ಸಾಲ್ದು ಅಂತ ಇನ್ನಷ್ಟು ಕೊಟ್ಬಿಟ್ಯಲ್ಲೋ ಅವ್ರಿಗೆ," ಎಂದ. ಅಷ್ಟೇ. ಆಮೇಲೆ ಕೌದಿಯನ್ನು ಮಡಚತೊಡಗಿದ. "ಅಪ್ಪಂಗೆ ಇದ್ದದ್ದನ್ನೇ ಹೇಳಿ ಅತ್ತೆ. ಸೂರು ಸೋರಲ್ಲ. ಹೆಂಡ್ತಿ ಇಲ್ಲ, ಚಹಾ ಇಡ್ತಾರೆ. ಹಕೊದಾತೇಲಿ ಚಳಿ ಮಾತ್ರ ಇದೆ ತಾನೇ, ಬ್ರದರ್?"

"ಬೇಕಾದಷ್ಟು," ಎಂದರು ಮಿಜೊಗುಚಿ. ಕನ್ನಡಕವಿಲ್ಲದ ಕಣ್ಣು ಒರೆಸಿಕೊಂಡು ವಿಳಾಸ ಬರೆದುಕೊಟ್ಟರು.

"ಡಾರ್ಲೀನ್‌ಗೆ ಏನ್ ಹೇಳ್ಲಿ?" ಎಂದರು ಲರೂ.

ಆಲೂಗಡ್ಡೆ ಬಿಸಿಯಾಗಿತ್ತು. ಐದೂ ಜನ ಕೂತು ತಿಂದೆವು. ಅಧ್ಯಕ್ಷರು ನನ್ನನ್ನು ನೋಡುತ್ತಾ ಬಹಳ ನಿಧಾನವಾಗಿ ಅಗಿದರು.

ಬುಧವಾರ ಬೆಳಿಗ್ಗೆ ಲರೂ ಅತ್ತೆ ನನ್ನ ತಟ್ಟೆಗೆ ಸುಟ್ಟ ಭಾಗವನ್ನೇ ಆರಿಸಿ ಹಾಕಿ ಸುದ್ದಿ ಕೊಟ್ಟರು. ರೂಲನ್‌ಗೆ ಫೋನಿನಲ್ಲಿ ಎಲ್ಲ ಹೇಳಿದ್ದರಂತೆ. ಅವರು, ಚಹಾ ಆರುವವರೆಗೂ ಕೂತಿರುತ್ತಾರೆಯೇ ಎಂದು ಎರಡು ಸಲ ಕೇಳಿದರಂತೆ. ಕೊನೆಗೆ, "ಆ ಟ್ಯಾಕ್ಸಿಯವನ ಪತ್ರ ಬಂದ್ರೆ ಭಾನುವಾರ ಸಭೇಲಿ ಓದಿ. ಫೋನಲ್ಲಿ ನಂಗೆ ಸರಿಯಾಗಿ ಕೇಳ್ಸಲ್ಲ. ನಾನು ಹಿಂದಿನ ಬೆಂಚಲ್ಲೇ ಇರ್ತೀನಿ," ಎಂದರಂತೆ. ಮಂಗಳವಾರದ ನೀರಿನ ಸರದಿಯನ್ನು ಬಿಷಪ್ಪರು ಬಾಯಿಬಿಡದೆ ಬಿಟ್ಟುಕೊಟ್ಟರಂತೆ. ರೂಲನ್ ಕೂಡ ಬಾಯಿಬಿಡದೆ ಹರಿಸಿಕೊಂಡರಂತೆ.

"ನೋಡ್ದ್ಯಾ?" ಎಂದ ಥರ್ಗುಡ್. "ಒಂದು ವಾರ ಅಂದಿದ್ದೆ. ಬುಧವಾರದಿಂದ ಬುಧವಾರಕ್ಕೆ." ಸರಿಯಾಗಿ ಲೆಕ್ಕ ಹಾಕಿದರೆ ಅವನ ಮಾತು ಭಾನುವಾರವೇ ನೆರವೇರಿತ್ತು, ಮೂರು ದಿನ ಮೊದಲೇ. ಆದರೆ ಆ ಲೆಕ್ಕ ಹೇಳಿ ಅವನನ್ನು ಇನ್ನಷ್ಟು ಉಬ್ಬಿಸುವಷ್ಟು ಸಹನೆ ನನ್ನಲ್ಲಿ ಉಳಿದಿರಲಿಲ್ಲ.

ಪತ್ರ ಬರಬೇಕಾದರೆ ಪತ್ರ ಹೋಗಬೇಕು. ಕೌದಿಯ ಪೊಟ್ಟಣ ಸಿದ್ಧವಾಯಿತು. ಥರ್ಗುಡ್ ಎದೆಯ ಕಿತ್ತಳೆ ಚುಕ್ಕಿ ಕಿತ್ತು, ಎಂಜಲು ಹಚ್ಚಿ, ಅದರ ಮೇಲೆ ಅಂಟಿಸಿದ. ಆಮೇಲೆ ಒಂದು ಹಾಳೆ, ಒಂದು ಪೆನ್ನು, ಆ ನಿಘಂಟು ತಂದು ನನ್ನ ಮುಂದಿಟ್ಟು, ಕುರ್ಚಿ ಎಳೆದುಕೊಂಡು ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರ ಕುಳಿತ.

"ಬರಿ. ನೀನು ಕಾಲೇಜಲ್ಲಿ ಓದಿದೋನಲ್ವಾ."

ಎರಡೂವರೆ ಗಂಟೆ ಹಿಡಿಯಿತು. ಸಿಸ್ಟರ್ ಹಾಟೋರಿ ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. ಕತ್ತು ವಾಲಲಿಲ್ಲ; "ಸೋ ದೆಸು ನೇ" ಎನ್ನಲಿಲ್ಲ. ಮೊದಲ ಬಾರಿಗೆ ನನ್ನ ಜಪಾನಿ ವಾಕ್ಯವೊಂದರಲ್ಲಿ ತಪ್ಪಿರಲಿಲ್ಲ.

'ಮಾನ್ಯ ಕುರೊಕಾವಾ ಅವರಿಗೆ, ನನಗೆ ಜಪಾನಿ ಭಾಷೆ ಬರುವುದಿಲ್ಲ.'